ತಾಳ್ಮೆಯ ಮಾತು, ದಯೆಯ ಮಾತು: ಮನೆ ಪ್ರಾರ್ಥನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಲಿಂಗರಾಜಪುರದ ನಮ್ಮ ಬೀದಿಯಲ್ಲಿ ಪ್ರತಿ ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಹಾಡು, ವಾಕ್ಯ, ಪ್ರಾರ್ಥನೆ ಮುಗಿದು ಕಾಫಿ ಬರುವ ಹೊತ್ತಿಗೆ ಅಸಲಿ ಪ್ರಶ್ನೆಗಳು ಹೊರಬರುತ್ತವೆ. ಒಂದು ಸಲ ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲದಲ್ಲಿ, 40 ದಿನ ‘ನಾಲಿಗೆಯ ಉಪವಾಸ’ ಮಾಡೋಣ ಅಂತ ಹೊರಟೆವು. ಮಾಂಸ ಬಿಡುವುದು ಸುಲಭ, ಬೈಗುಳ ಬಿಡುವುದು ಕಷ್ಟ ಅಂತ ಮೂರನೇ ದಿನಕ್ಕೇ ಗೊತ್ತಾಯಿತು. ಆಗಿನಿಂದ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಪಾಸ್ಟರ್ ಅಲ್ಲ. 31 ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬಾಯಿಯ ವಿಷಯದಲ್ಲಿ ನನ್ನ ಅನುಭವ ಅಲ್ಲಿಂದಲೇ ಬಂದದ್ದು.

‘ದೀರ್ಘಶಾಂತಿ’ ಅಂದರೇನು? ತಾಳ್ಮೆ ಅಂದರೆ ಸಾಲದಾ?

ಸಾಲುತ್ತದೆ. ಆದರೆ ಆ ಹಳೆಯ ಪದದೊಳಗೆ ಒಂದು ಸ್ವಾರಸ್ಯ ಇದೆ. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ಆತ್ಮನ ಫಲವನ್ನು ಎಣಿಸುತ್ತಾನೆ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ದೀರ್ಘಶಾಂತಿ ಮತ್ತು ದಯೆ ಅಕ್ಕಪಕ್ಕ ಕೂತಿವೆ. ಗ್ರೀಕಿನಲ್ಲಿ ಮೊದಲನೆಯದಕ್ಕೆ ‘ಮಕ್ರೋಥುಮಿಯ’ ಅನ್ನುತ್ತಾರೆ, ಸಿಟ್ಟು ಬರಲು ಬಹಳ ಹೊತ್ತು ಹಿಡಿಯುವ ಗುಣ.

ಹೀಬ್ರೂನಲ್ಲಿ ಇನ್ನೂ ಚೆನ್ನಾಗಿದೆ. ವಿಮೋಚನಕಾಂಡ 34ರಲ್ಲಿ ದೇವರು ಮೋಶೆಯ ಮುಂದೆ ತನ್ನ ಗುಣವನ್ನು ತಾನೇ ಹೇಳಿಕೊಳ್ಳುತ್ತಾನೆ. ನಾವು ‘ದೀರ್ಘಶಾಂತ’ ಅಂತ ಓದುವ ಕಡೆ ಮೂಲದಲ್ಲಿರುವ ಮಾತಿನ ಅಕ್ಷರಾರ್ಥ ‘ಉದ್ದ ಮೂಗಿನವನು’. ಆ ಭಾಷೆಯಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ನಾವು ‘ಅವನಿಗೆ ಮೂಗಿನ ತುದಿಯಲ್ಲೇ ಕೋಪ’ ಅನ್ನುವುದಿಲ್ಲವೇ, ಹೆಚ್ಚುಕಡಿಮೆ ಅದೇ ಲೆಕ್ಕ. ಮೂಗು ಉದ್ದವಿದ್ದರೆ ಕೋಪ ತುದಿ ಮುಟ್ಟುವಷ್ಟರಲ್ಲಿ ಹೊತ್ತಾಗುತ್ತದೆ. ಬೈಬಲ್ ಕ್ಲಾಸಿನಲ್ಲಿ ಅಯ್ಯನವರು ಇದನ್ನು ಹೇಳಿದ ದಿನ ಮನೆಗೆ ಬಂದು ಕನ್ನಡಿಯಲ್ಲಿ ಮೂಗು ನೋಡಿಕೊಂಡೆ. ನನ್ನದು ಮೊಂಡು ಮೂಗು.

ದೇವರಿಗೆ ಕೋಪವೇ ಬರುವುದಿಲ್ಲ ಅಂತ ಆ ವಾಕ್ಯ ಹೇಳುತ್ತಿಲ್ಲ, ಗಮನಿಸಿ. ಬರುತ್ತದೆ, ಹೊತ್ತು ತೆಗೆದುಕೊಂಡು ಬರುತ್ತದೆ. ನಮಗೆ ಬೇಕಾಗಿರುವುದೂ ಆ ಹೊತ್ತೇ. ಕೆಳಗಿನ ಉತ್ತರಗಳೆಲ್ಲ ಹೆಚ್ಚಾಗಿ ಆ ಹೊತ್ತನ್ನು ಹೇಗೆ ಹುಡುಕಿಕೊಳ್ಳುವುದು ಅನ್ನುವುದರ ಬಗ್ಗೆಯೇ.

ಈ ಊರಲ್ಲಿ, ಈ ಟ್ರಾಫಿಕ್ಕಲ್ಲಿ ಅದೆಲ್ಲ ಆಗುತ್ತಾ ಅಂಕಲ್?

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರಿಗೆ ಉಪದೇಶ ಮಾಡುವ ಧೈರ್ಯ ನನಗಿಲ್ಲ. ನಡೆದ ಒಂದು ವಿಷಯ ಹೇಳುತ್ತೇನೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಅದಕ್ಕೂ ಎಷ್ಟೋ ವರ್ಷ ಹಿಂದಿನ ಮಾತು. ಆಗ ಹೆಂಗಸರಿಗೂ ಟಿಕೆಟ್ ಹರಿಯಬೇಕಿತ್ತು, ಚಿಲ್ಲರೆ ಕೊಡಬೇಕಿತ್ತು. ಮೆಜೆಸ್ಟಿಕ್ಕಿನಿಂದ ಕಾಡುಗೋಡಿ ಕಡೆಯ ಬಸ್ಸು, ಬೆಳಗಿನ ಎರಡನೇ ಟ್ರಿಪ್ಪು. ಸೊಪ್ಪಿನ ಮೂಟೆ ಇಟ್ಟುಕೊಂಡ ಒಬ್ಬ ಅಜ್ಜಿ ಐನೂರರ ನೋಟು ಕೊಟ್ಟರು. ‘ಏನಜ್ಜಿ, ಬೆಳಗ್ಗೆ ಬೆಳಗ್ಗೆ ಐನೂರು ತಂದಿದ್ದೀಯ, ನಾನೇನು ಬ್ಯಾಂಕ್ ಇಟ್ಟಿದ್ದೀನಾ?’ ಅಂದೆ. ಅದಾದ ಮೇಲೆ ಇನ್ನೂ ಒಂದೆರಡು ಮಾತು ಅಂದೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಬಸ್ಸೆಲ್ಲ ನಕ್ಕಿತು. ಅಜ್ಜಿ ನೋಟು ಸೆರಗಿಗೆ ಕಟ್ಟಿಕೊಂಡು ಮುಂದಿನ ಸ್ಟಾಪಿನಲ್ಲಿ ಮೂಟೆ ಸಮೇತ ಇಳಿದುಬಿಟ್ಟರು. ಅದು ಅವರು ಇಳಿಯಬೇಕಾದ ಸ್ಟಾಪ್ ಆಗಿರಲಿಲ್ಲ. ನಾನು ಸೀಟಿ ಊದಿ ‘ರೈಟ್’ ಅಂದೆ. ಬಸ್ಸು ಹೊರಟಿತು.

ಆ ದಿನ ನನಗೆ ಅಜ್ಜಿಯ ಮೇಲೆ ಕೋಪ ಇರಲೇ ಇಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಬಾಡಿಗೆ ವಿಷಯಕ್ಕೆ ಜಗಳ ಆಗಿತ್ತು, ಬೆಳಗ್ಗೆ ತಿಂಡಿ ತಿಂದಿರಲಿಲ್ಲ. ಅರಣ್ಯಕಾಂಡ 20ನೇ ಅಧ್ಯಾಯ ಓದಿ. ಬಂಡೆಯ ಹತ್ತಿರ ಮಾತಾಡು ಅಂತ ದೇವರು ಹೇಳಿದರೆ ಮೋಶೆ ಜನರನ್ನು ಬೈದು ಕೋಲಿನಿಂದ ಎರಡು ಸಲ ಬಂಡೆಗೆ ಹೊಡೆದ. ಲೋಕದಲ್ಲೇ ಅತಿ ಸಾತ್ವಿಕ ಅಂತ ಅದೇ ಪುಸ್ತಕ ಹೊಗಳಿದ ಮನುಷ್ಯ! ಎಲ್ಲರೂ ಬಂಡೆಯ ಕಥೆ ಹೇಳುತ್ತಾರೆ, ಅಧ್ಯಾಯದ ಮೊದಲ ವಾಕ್ಯ ಬಿಟ್ಟುಬಿಡುತ್ತಾರೆ. ಅದರಲ್ಲಿ ಅವನ ಅಕ್ಕ ಮಿರ್ಯಾಮ ಸತ್ತು ಮಣ್ಣಾದ ಸುದ್ದಿ ಇದೆ. ಅದರ ಬೆನ್ನಿಗೇ ನೀರಿಲ್ಲ ಅಂತ ಜನರ ಗಲಾಟೆ. ಅವನ ದುಃಖ ಬಂಡೆಯ ಮೇಲೆ ಬಿತ್ತು ಅಂತ ನನಗೆ ಅನ್ನಿಸುತ್ತದೆ. ಆದರೂ ಶಿಕ್ಷೆ ತಪ್ಪಲಿಲ್ಲ, ದೇವರು ಮಾತು ಕೊಟ್ಟಿದ್ದ ಕಾನಾನ್ ನಾಡಿಗೆ ಅವನು ಕಾಲಿಡಲಿಲ್ಲ.

ಹಾರ್ನ್ ಒತ್ತುವ ಮುಂಚೆ, ಆಟೋದವರ ಜೊತೆ ಮೀಟರಿಗೆ ಕಾದಾಡುವ ಮುಂಚೆ, ಈ ಸಿಟ್ಟು ಎಲ್ಲಿ ಹತ್ತಿಕೊಂಡು ಬಂತು ಅಂತ ಒಂದು ಸಲ ಕೇಳಿಕೊಳ್ಳಿ. ಮುಂದೆ ನಿಂತಿರುವವರು ಅದಕ್ಕೆ ಟಿಕೆಟ್ ಕೊಟ್ಟವರಲ್ಲ.

ಯೇಸು ಸ್ವಾಮಿಯೇ ದೇವಾಲಯದಲ್ಲಿ ಮೇಜು ಉರುಳಿಸಿದನಲ್ಲ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಅದೇ ವಾರ ಯಾರ ಮೇಲೋ ಕೂಗಾಡಿ ಬಂದಿರುತ್ತಾರೆ. ಉರುಳಿಸಿದ್ದು ನಿಜ. ಧರ್ಮದ ಕಟ್ಟಳೆಗೆ ಹೆಸರಾದ ಫರಿಸಾಯರನ್ನು ಸುಣ್ಣ ಹಚ್ಚಿದ ಸಮಾಧಿ ಅಂದದ್ದೂ ನಿಜ. ಆದರೆ ಆತನು ಯಾರ ಪರವಾಗಿ ಸಿಟ್ಟಾದ, ಯಾರ ಮೇಲೆ ಸಿಟ್ಟಾದ ನೋಡಿ. ಬಡವರು ಬಲಿಗೆ ಕೊಳ್ಳುವ ಪಾರಿವಾಳದ ದುಡ್ಡಿನಲ್ಲಿ ವ್ಯಾಪಾರ ಮಾಡುವವರ ಮೇಲೆ, ಬೇರೆಯವರ ಹೆಗಲಿಗೆ ಭಾರ ಹೊರಿಸುವವರ ಮೇಲೆ. ತನಗೆ ಉಗುಳಿದವರ ಮೇಲೆ, ಮೊಳೆ ಹೊಡೆದವರ ಮೇಲೆ ಆತನು ಕೂಗಾಡಿದ್ದು ಎಲ್ಲೂ ಇಲ್ಲ. ನಮ್ಮ ಲೆಕ್ಕ ಸಾಮಾನ್ಯವಾಗಿ ಉಲ್ಟಾ. ನಮ್ಮ ಸೈಟಿನ ಗಡಿ ಒಂದಡಿ ಒತ್ತಿದರೆ ಪ್ರವಾದಿಯ ಆವೇಶ ಬರುತ್ತದೆ, ಪಕ್ಕದ ಮನೆಯ ಕೆಲಸದವರಿಗೆ ಸಂಬಳ ಕೊಡದೆ ಓಡಿಸಿದರೆ ಮಹಾ ತಾಳ್ಮೆ.

ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ತೋರಿಸು ಅಂದಮೇಲೆ, ಅಂದದ್ದನ್ನೆಲ್ಲ ಅನ್ನಿಸಿಕೊಂಡೇ ಇರಬೇಕಾ?

ಇಲ್ಲ. ಯೋಹಾನ 18:23 ನೋಡಿ. ಮಹಾಯಾಜಕನ ಮುಂದೆ ಒಬ್ಬ ಓಲೇಕಾರ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಯೇಸು ಸುಮ್ಮನಾಗುವುದಿಲ್ಲ, ತಿರುಗಿ ಬೈಯುವುದೂ ಇಲ್ಲ. ನಾನು ತಪ್ಪು ಮಾತಾಡಿದ್ದರೆ ಏನು ತಪ್ಪು ಅಂತ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳುತ್ತಾನೆ. ಕೈ ಕಟ್ಟಿದ್ದಾಗ ಕೇಳಿದ ಪ್ರಶ್ನೆ ಅದು. ಧ್ವನಿ ಏರಿಸದೆ ನೇರವಾಗಿ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಆಫೀಸಿನಲ್ಲಿ ಎಲ್ಲರೆದುರು ಬಾಸ್ ಕೂಗಾಡಿದರೆ ‘ಸರ್, ತಪ್ಪು ಎಲ್ಲಿದೆ ತೋರಿಸಿ, ತಿದ್ದುತ್ತೇನೆ. ಆದರೆ ಈ ಥರ ಮಾತಾಡಬೇಡಿ’ ಅನ್ನಬಹುದು. ಅದು ಸಾಧುತ್ವಕ್ಕೆ ವಿರೋಧ ಅಲ್ಲ.

ಇನ್ನೊಂದು ಮಾತನ್ನು ಬಿಡಿಸಿಯೇ ಹೇಳಬೇಕು. ಗಂಡ ಕುಡಿದು ಬಂದು ಹೊಡೆಯುತ್ತಾನೆ, ದಿನಾ ಹೊಲಸು ಬೈಯುತ್ತಾನೆ ಅಂತ ಕಣ್ಣೀರಿಟ್ಟ ಹೆಂಗಸಿಗೆ ‘ಸಹಿಸಿಕೋಮ್ಮಾ, ದೀರ್ಘಶಾಂತಿ ಇರಲಿ’ ಅಂತ ಹೇಳಿದ ಹಿರಿಯರನ್ನು ಕಂಡಿದ್ದೇನೆ. ಅದು ದೊಡ್ಡ ತಪ್ಪು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬೈಗುಳ ಮತ್ತು ಅವಮಾನವನ್ನೂ ಹಿಂಸೆ ಅಂತಲೇ ಎಣಿಸುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆ ಹೆಂಗಸಿನ ಮುಂದೆ ವಚನ ಓದುವ ಮೊದಲು ಈ ನಂಬರ್ ಕೊಡಿ, ಒಬ್ಬರು ಜೊತೆಗೆ ಹೋಗಿ.

ಸರಿ, ಸಿಟ್ಟು ನೆತ್ತಿಗೇರಿದ ಆ ಒಂದು ನಿಮಿಷದಲ್ಲಿ ಏನು ಮಾಡಲಿ?

ಯೋಹಾನ 8ರಲ್ಲಿ ಹೆಂಗಸೊಬ್ಬಳನ್ನು ಎಳೆದು ತಂದು, ಕೈಯಲ್ಲಿ ಕಲ್ಲು ಹಿಡಿಯಲು ತಯಾರಾಗಿ, ‘ನೀನೇನು ಹೇಳುತ್ತೀ’ ಅಂತ ಪೀಡಿಸುತ್ತಾರೆ. ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಬರೆಯುತ್ತಾ ಕೂರುತ್ತಾನೆ. ಏನು ಬರೆದ ಅಂತ ಸತ್ಯವೇದದಲ್ಲಿ ಇಲ್ಲ. ಆ ಹೊತ್ತಿನಲ್ಲಿ ಗುಂಪಿನ ಬಿಸಿ ಆರಿತು, ಆಮೇಲೆ ಆಡಿದ್ದು ಒಂದೇ ಮಾತು. ಆಡಿ ಮತ್ತೆ ಬಗ್ಗಿ ಬರೆದ. ಉತ್ತರದ ಮುಂಚೆಯೂ ಬಿಡುವು, ಉತ್ತರದ ನಂತರವೂ ಬಿಡುವು.

ನಮಗೆ ಬರೆಯಲು ನೆಲ ಬೇಕಾಗಿಲ್ಲ. ಎದ್ದು ಹೋಗಿ ನೀರು ಕುಡಿಯಿರಿ. ‘ಹತ್ತು ನಿಮಿಷ ಕೊಡಿ, ಬಂದು ಮಾತಾಡುತ್ತೇನೆ’ ಅಂತ ಹೇಳಿ ಎದ್ದುಹೋಗಿ, ಆದರೆ ವಾಪಸ್ ಬನ್ನಿ, ಇಲ್ಲದಿದ್ದರೆ ಅದು ಓಡಿಹೋಗುವುದಾಗುತ್ತದೆ. ಕೂತೇ ಮಾತಾಡಿ; ನಿಂತು ಜಗಳ ಆಡಿದಷ್ಟು ಜೋರಾಗಿ ಕೂತು ಆಡಲಾಗುವುದಿಲ್ಲ. ಊಟ ಆಗಿಲ್ಲದಿದ್ದರೆ ಮೊದಲು ಊಟ. ಇದು ತಮಾಷೆಯಲ್ಲ: ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತ ಬುದ್ಧಿ ಹೇಳಲಿಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಇಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ‘ಎಲೀಯನೇ, ಇಲ್ಲೇನು ಮಾಡುತ್ತೀ’ ಅಂತ ದೇವರು ಕೇಳಿದ್ದು ಅದೆಲ್ಲ ಆದ ಮೇಲೆ.

ಪುಟ್ಟ ಪ್ರಾರ್ಥನೆ ಬೇಕೆಂದರೆ 141ನೇ ಕೀರ್ತನೆಯ ಮೂರನೇ ವಚನ ಇದೆ, ಬಾಯಿಗೆ ಕಾವಲಿಡು ಅಂತ ದೇವರನ್ನು ಬೇಡುವ ವಚನ. ನಮ್ಮ ಗುಂಪಿನಲ್ಲಿ ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ಕೆಲಸ ಮಾಡುವ ಒಬ್ಬ ಹುಡುಗನಿಗೆ ಅದು ಬಹಳ ಇಷ್ಟ. ‘ಗೇಟಲ್ಲಿ ನಿಂತರೆ ಮಾತ್ರ ಆಗಲ್ಲ ಅಂಕಲ್, ಯಾರನ್ನ ಒಳಗೆ ಬಿಡಬೇಕು ಯಾರನ್ನ ಬಿಡಬಾರದು ಗೊತ್ತಿರಬೇಕು’ ಅಂತಾನೆ.

ಗಂಡ ಹೆಂಡತಿ ಜಗಳ ಸೂರ್ಯ ಮುಳುಗುವ ಮುಂಚೆ ಮುಗಿಸಲೇಬೇಕಾ? ನನ್ನ ಗಂಡನ ಶಿಫ್ಟ್ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ.

ಎಫೆಸದವರಿಗೆ ಬರೆದ ಪತ್ರದ 4:26 ಕೋಪವನ್ನು ಬೆಳೆಸಬೇಡಿ ಅನ್ನುತ್ತದೆ, ರಾತ್ರಿ ಹನ್ನೊಂದಕ್ಕೆ ಕಣ್ಣು ಮುಚ್ಚಿಕೊಂಡು ಬರುವಾಗ ಲೆಕ್ಕ ಚುಕ್ತಾ ಮಾಡಿ ಅನ್ನುವುದಿಲ್ಲ. ವೈಟ್‌ಫೀಲ್ಡಿಗೆ ಕ್ಯಾಬ್ ಬಂದು ಕೆಳಗೆ ಹಾರ್ನ್ ಹೊಡೆಯುತ್ತಿರುವಾಗ ಯಾವ ಜಗಳವೂ ಬಗೆಹರಿದದ್ದಿಲ್ಲ. ‘ನನಗಿನ್ನೂ ಬೇಜಾರಿದೆ. ಶನಿವಾರ ಮಾತಾಡೋಣ. ಊಟದ ಡಬ್ಬಿ ಇಟ್ಟಿದ್ದೀನಿ’ ಅಂದರೆ ಆ ದಿನದ ಸೂರ್ಯನಿಗೆ ಅಷ್ಟು ಸಾಕು. ಶನಿವಾರ ಮಾತ್ರ ಮರೆಯಬೇಡಿ.

ನಾನು ಬೈಯುವುದೇ ಇಲ್ಲ. ಸಿಟ್ಟು ಬಂದರೆ ಮಾತು ಬಿಟ್ಟುಬಿಡುತ್ತೇನೆ. ಅದು ತಾಳ್ಮೆ ತಾನೇ?

ಅಲ್ಲ. ಎರಡು ವಾರ ಮಾತು ಬಿಟ್ಟು, ಮಗುವಿನ ಬಾಯಲ್ಲಿ ‘ಅಪ್ಪನಿಗೆ ಊಟಕ್ಕೆ ಬರೋಕೆ ಹೇಳು’ ಅಂತ ಕಳಿಸುವುದು ಬೈಗುಳಕ್ಕಿಂತ ದೊಡ್ಡ ಏಟು. ಮತ್ತಾಯ 18:15ರಲ್ಲಿ ನಿನ್ನ ಸಹೋದರ ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ಹೋಗಿ ಹೇಳು ಅಂತಿದೆ. ಹೋಗು, ಹೇಳು. ಎರಡೂ ಕ್ರಿಯಾಪದ.

ಮಕ್ಕಳ ವಿಷಯದಲ್ಲಿ? ಗದರದಿದ್ದರೆ ಓದುವುದೇ ಇಲ್ಲ.

ತಂದೆಗಳಿಗೆ ಪೌಲ ಒಂದೇ ಎಚ್ಚರಿಕೆಯನ್ನು ಎರಡು ಪತ್ರಗಳಲ್ಲಿ ಬರೆದಿದ್ದಾನೆ. ಎಫೆಸದವರಿಗೆ: ಮಕ್ಕಳಿಗೆ ಕೋಪ ಎಬ್ಬಿಸಬೇಡಿ. ಕೊಲೊಸ್ಸೆಯವರಿಗೆ: ಕೆಣಕಬೇಡಿ, ಮನಗುಂದಿಯಾರು. ಆ ಎರಡನೇ ಕಾರಣ ನನಗೆ ಮುಖ್ಯ ಅನ್ನಿಸುತ್ತದೆ. ಗದರಿದರೆ ಮಗು ಎದುರು ಮಾತಾಡುತ್ತದೆ ಅನ್ನುವ ಭಯ ಅದರಲ್ಲಿಲ್ಲ, ಮಗು ಒಳಗೊಳಗೇ ಕುಗ್ಗುತ್ತದೆ ಅನ್ನುವ ಭಯ ಇದೆ.

ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನಮ್ಮ ಬೀದಿಯಲ್ಲಿ ಕೇಳಿಬರುವ ಮಾತು ಗೊತ್ತಲ್ಲ, ‘ಪಕ್ಕದ್ಮನೆ ಹುಡುಗನ್ನ ನೋಡಿ ಕಲಿ’. ಆ ಪಕ್ಕದ ಮನೆ ಹುಡುಗ ಈಗ ನಲವತ್ತರ ಗಂಡಸಾಗಿರಬೇಕು, ಅಷ್ಟು ವರ್ಷದಿಂದ ಪ್ರತಿ ಮನೆಯಲ್ಲೂ ಅವನ ಹೆಸರು ಹೇಳುತ್ತಿದ್ದಾರೆ. ಗದರಲೇಬೇಕಾದಾಗ ಮಾಡಿದ್ದನ್ನು ಗದರಿ, ಮಾಡಿದವನನ್ನಲ್ಲ. ‘ಹೋಂವರ್ಕ್ ಮಾಡಿಲ್ಲ, ಈಗ ಕೂತು ಮಾಡು’ ಅನ್ನುವುದು ಒಂದು. ‘ನೀನು ಉದ್ಧಾರ ಆಗಲ್ಲ’ ಅನ್ನುವುದು ಶಾಪ. ಒಂದೇ ಬಾಯಿಂದ ಸ್ತುತಿ ಮತ್ತು ಶಾಪ ಎರಡೂ ಬರುತ್ತವೆ, ಹಾಗಾಗಬಾರದು ಅಂತ ಯಾಕೋಬ 3ನೇ ಅಧ್ಯಾಯದಲ್ಲಿ ಬರೆದದ್ದು ಇಂಥ ಮನೆಗಳನ್ನು ನೋಡಿಯೇ ಇರಬೇಕು.

ಅಮ್ಮನಿಗೆ ಮರೆವು. ಒಂದೇ ಪ್ರಶ್ನೆ ಹತ್ತು ಸಲ ಕೇಳುತ್ತಾರೆ. ಹತ್ತನೇ ಸಲ ಬಾಯಿ ಜಾರುತ್ತದೆ.

ನಮಗೆ ಹತ್ತನೇ ಸಲ, ಅವರಿಗೆ ಪ್ರತಿ ಸಲವೂ ಮೊದಲನೇ ಸಲ. ‘ಆಗಲೇ ಹೇಳಿದ್ನಲ್ಲ’ ಅನ್ನುವ ಒಂದು ಮಾತು ಬಿಟ್ಟು ಉಳಿದ ಉತ್ತರವನ್ನು ಹಾಗೇ ಕೊಡಿ. ಮತ್ತೆ, ಒಬ್ಬರೇ ನೋಡಿಕೊಳ್ಳಬೇಡಿ. ವಾರಕ್ಕೊಂದು ಮಧ್ಯಾಹ್ನ ತಮ್ಮನೋ ನಾದಿನಿಯೋ ಬಂದು ಕೂರಲಿ. ನಿದ್ದೆಗೆಟ್ಟವರಿಂದ ತಾಳ್ಮೆ ಕೇಳುವುದು ಅನ್ಯಾಯ.

ಪ್ರಾರ್ಥನೆಯಲ್ಲಿ ದೇವರನ್ನೇ ‘ನೀನು’ ಅನ್ನುತ್ತೇವೆ. ಡೆಲಿವರಿ ಹುಡುಗನನ್ನು ‘ಬಾರೋ’ ಅಂದರೆ ತಪ್ಪೇನು?

ಈ ಪ್ರಶ್ನೆ ಕೇಳಿದ ಪಿಯುಸಿ ಹುಡುಗನಿಗೆ ನಾನು ಎರಡು ಬಿಸ್ಕತ್ತು ಹೆಚ್ಚು ಕೊಟ್ಟೆ.

‘ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ ನಾಮವು’ ಅನ್ನುವಾಗ ಇರುವ ಏಕವಚನ ತಾಯಿಯನ್ನು ‘ನೀನು’ ಅಂದ ಹಾಗೆ, ಹತ್ತಿರದ್ದು. ಗೇಟಿನ ಹತ್ತಿರ ‘ಏಯ್, ಬಾರೋ ಇಲ್ಲಿ’ ಅನ್ನುವ ಏಕವಚನ ಎತ್ತರದ್ದು, ನಾನು ಮೇಲೆ ನೀನು ಕೆಳಗೆ ಅಂತ ಅಳತೆ ತೋರಿಸುವಂಥದ್ದು. ಪದ ಒಂದೇ, ನಿಂತ ಜಾಗ ಬೇರೆ. ಅದನ್ನು ಪರೀಕ್ಷೆ ಮಾಡಲು ಸುಲಭ ದಾರಿ ಇದೆ: ಅವನು ವಾಪಸ್ ನಿಮ್ಮನ್ನು ‘ನೀನು’ ಅಂದರೆ ನಿಮಗೆ ಏನನ್ನಿಸುತ್ತದೆ? ಕಿವಿ ಬಿಸಿಯಾದರೆ, ನಿಮ್ಮ ಏಕವಚನ ಪ್ರೀತಿಯದ್ದಲ್ಲ.

ಕನ್ನಡದಲ್ಲಿ ಒಂದು ‘ಇ’ಕಾರ ಸೇರಿಸಿದರೆ ದಯೆ ಬಂದುಬಿಡುತ್ತದೆ. ಕೊಡು, ಕೊಡಿ. ಇಡು, ಇಡಿ. ಇಷ್ಟು ಅಗ್ಗದಲ್ಲಿ ಮರ್ಯಾದೆ ಕೊಡಲು ಬರುವ ಭಾಷೆ ನಮ್ಮದು. ಹೀಗಿದ್ದೂ ಮನೆಕೆಲಸಕ್ಕೆ ಬರುವ, ನನಗಿಂತ ಹತ್ತು ವರ್ಷ ದೊಡ್ಡವರನ್ನು ‘ಬಾರೇ, ಹೋಗೇ’ ಅನ್ನುವ ವಿಶ್ವಾಸಿಗಳ ಮನೆಯಲ್ಲಿ ಪ್ರಾರ್ಥನೆ ಮಾಡಿದ್ದೇನೆ. ಆ ದಿನ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಸತ್ಯ ಹೇಳಬೇಕು ಅಂತಲೂ ಇದೆಯಲ್ಲ? ನಾನು ಇದ್ದದ್ದು ಇದ್ದ ಹಾಗೆ ಹೇಳುವವಳು.

‘ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ’ ಅನ್ನುವ ಗಾದೆ ನಿಮ್ಮ ಪರ ಇದೆ. ಎಫೆಸ 4:15ರಲ್ಲಿ ಸತ್ಯವೂ ಪ್ರೀತಿಯೂ ಒಂದೇ ವಾಕ್ಯದಲ್ಲಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವ ಹಾಗಿಲ್ಲ. ಕೊಲೊಸ್ಸೆ 4:6 ಇನ್ನೂ ಅಡುಗೆಮನೆಯ ಮಾತು: ನಿಮ್ಮ ಸಂಭಾಷಣೆ ಉಪ್ಪು ಹಾಕಿದ ಹಾಗೆ ರುಚಿಯಾಗಿರಲಿ. ಸಕ್ಕರೆ ಅಂದಿಲ್ಲ ನೋಡಿ. ಸಿಹಿ ಸಿಹಿ ಮಾತಾಡಿ ಅಂತ ಪೌಲ ಯಾರಿಗೂ ಹೇಳಿಲ್ಲ. ಉಪ್ಪಿಲ್ಲದ ಸಾರು ಸಪ್ಪೆ, ಹೆಚ್ಚಾದರೆ ಬಾಯಿಗಿಡಲಾಗದು. ಕೈ ಅಳತೆ ಬೇಕು.

ಆ ಅಳತೆಗೆ ನನ್ನ ಮೆಚ್ಚಿನ ಉದಾಹರಣೆ ಪ್ರವಾದಿ ನಾತಾನ. ದಾವೀದ ಅರಸ ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಯುದ್ಧದಲ್ಲಿ ಸಾಯಿಸಿದ್ದ. ನಾತಾನ ಬಂದು ಬಾಗಿಲಲ್ಲೇ ‘ಕೊಲೆಗಾರ’ ಅಂತ ಕೂಗಲಿಲ್ಲ. ಒಬ್ಬ ಬಡವ, ಅವನಿಗಿದ್ದ ಒಂದೇ ಕುರಿಮರಿ, ಅದನ್ನು ಕಸಿದ ಸಾಹುಕಾರನ ಕಥೆ ಹೇಳಿದ. ಅರಸನಿಗೆ ಸಿಟ್ಟು ಬಂದು ಅವನಿಗೆ ಶಿಕ್ಷೆಯಾಗಬೇಕು ಅಂದ ಮೇಲೆ, ‘ಆ ಮನುಷ್ಯ ನೀನೇ’. ಸತ್ಯದಲ್ಲಿ ಒಂದು ಕಾಳೂ ಕಮ್ಮಿಯಿಲ್ಲ. ಹೊತ್ತು ನೋಡಿ ಬಡಿಸಿದ, ಅಷ್ಟೇ.

ನಿಮ್ಮ ಸತ್ಯ ಕೇಳಿದವರು ತಿದ್ದಿಕೊಳ್ಳಲಿ ಅಂತ ಹೇಳುತ್ತಿದ್ದೀರೋ, ನಿಮ್ಮ ಎದೆ ಹಗುರಾಗಲಿ ಅಂತಲೋ, ಅದು ನಿಮಗೇ ಗೊತ್ತು ಅಕ್ಕ.

ಪ್ರಾರ್ಥನೆಗೋಸ್ಕರ ಬೇರೆಯವರ ಕಷ್ಟ ಹೇಳಿಕೊಳ್ಳಬಹುದಾ?

ಅವರನ್ನು ಕೇಳಿ ಹೇಳಿ. ‘ಅವರ ಮಗಳಿಗೋಸ್ಕರ ಪ್ರಾರ್ಥನೆ ಮಾಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ’ ಅಂದರೆ ಅದು ಚಾಡಿ, ಕೊನೆಗೆ ಆಮೆನ್ ಸೇರಿಸಿದರೂ ಚಾಡಿಯೇ.

ಚರ್ಚಿನೊಳಗೇ ಭಾಷೆಗೋಸ್ಕರ ಕಿತ್ತಾಡುತ್ತೇವಲ್ಲ, ಅದಕ್ಕೇನು ಹೇಳುತ್ತೀರಿ?

ಬೆಂಗಳೂರಿನಲ್ಲಿ ಈ ಗಾಯ ಹಳೆಯದು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಬದಲು ಜನರ ಭಾಷೆಯಲ್ಲಿ ಪೂಜೆ ನಡೆಸಲು ದಾರಿ ತೆರೆದ ಮೇಲೆ, ಇಲ್ಲಿಯ ಕಥೋಲಿಕ ಸಭೆಯಲ್ಲಿ ‘ಯಾರ ಭಾಷೆ’ ಅನ್ನುವ ಪ್ರಶ್ನೆ ಎದ್ದಿತು. ಕನ್ನಡಿಗರಿಗೆ ತಮ್ಮ ನೆಲದಲ್ಲೇ ಕನ್ನಡಕ್ಕೆ ಜಾಗ ಕೇಳಬೇಕಾದ ನೋವು, ತಲೆಮಾರುಗಳಿಂದ ಕಂಟೋನ್ಮೆಂಟಿನಲ್ಲಿ ಬೇರೂರಿದ ತಮಿಳರಿಗೆ ತಮ್ಮ ಪ್ರಾರ್ಥನೆ ಕಳೆದುಹೋಗುವ ಭಯ. ಎರಡೂ ನಿಜ. ಪ್ರೊಟೆಸ್ಟೆಂಟರು ನಾವು ನಗುವ ಹಾಗಿಲ್ಲ, ನಮ್ಮ ಕಮಿಟಿ ಚುನಾವಣೆಗಳಲ್ಲಿ ಆಡುವ ಮಾತು ಕೇಳಿದರೆ ಸಾಕು.

ನ್ಯಾಯಸ್ಥಾಪಕರು ಪುಸ್ತಕದಲ್ಲಿ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ಓದಬೇಕು. 8ನೇ ಅಧ್ಯಾಯದಲ್ಲಿ ಇಸ್ರಾಯೇಲಿನ ಎಫ್ರಾಯೀಮ್ ಕುಲದವರು ನಾಯಕ ಗಿದ್ಯೋನನ ಮೇಲೆ ಹರಿಹಾಯುತ್ತಾರೆ: ಮಿದ್ಯಾನ್ಯರ ಮೇಲೆ ಯುದ್ಧಕ್ಕೆ ಹೋಗುವಾಗ ನಮ್ಮನ್ನು ಯಾಕೆ ಕರೆಯಲಿಲ್ಲ? ಗೆದ್ದು ಬಂದವನು ಗಿದ್ಯೋನ, ಬೇಕಾದರೆ ಎರಡು ಮಾತು ಅನ್ನಬಹುದಿತ್ತು. ಅವನು, ನೀವು ಮಾಡಿದ್ದರ ಮುಂದೆ ನಾನು ಮಾಡಿದ್ದು ಏನು, ನಿಮ್ಮ ದ್ರಾಕ್ಷಿಯ ಹಕ್ಕಲೇ ನಮ್ಮ ಸುಗ್ಗಿಗಿಂತ ಮೇಲು ಅಂದ. ಅವರ ಸಿಟ್ಟು ಇಳಿಯಿತು. 12ನೇ ಅಧ್ಯಾಯದಲ್ಲಿ ಅದೇ ಎಫ್ರಾಯೀಮ್ಯರು ಅದೇ ದೂರು ಹಿಡಿದು ಇನ್ನೊಬ್ಬ ನಾಯಕ ಯೆಫ್ತಾಹನ ಬಳಿ ಬರುತ್ತಾರೆ. ಈ ಸಲ ಅವರ ಬಾಯಿಯೂ ಕೆಟ್ಟದ್ದು, ನಿನ್ನ ಮನೆಗೆ ಬೆಂಕಿ ಇಡುತ್ತೇವೆ ಅಂತಾರೆ. ಯೆಫ್ತಾಹ ಲೆಕ್ಕ ಒಪ್ಪಿಸುತ್ತಾನೆ: ನಾನು ಕರೆದೆ, ನೀವು ಬರಲಿಲ್ಲ, ಈಗ ಯಾಕೆ ಬಂದಿರಿ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಕಾಣುವುದಿಲ್ಲ. ಆದರೆ ಅಲ್ಲಿಂದ ಯುದ್ಧ. ಸೋತು ಓಡುವ ಎಫ್ರಾಯೀಮ್ಯರನ್ನು ಯೊರ್ದನ್ ಹೊಳೆ ದಾಟುವ ಕಡೆ ಹಿಡಿದು ‘ಷಿಬ್ಬೋಲೆತ್’ ಅನ್ನು ಅಂತ ಹೇಳಿಸಿದರು. ಅವರ ನಾಲಿಗೆಗೆ ‘ಷ’ ಬರುತ್ತಿರಲಿಲ್ಲ, ‘ಸಿಬ್ಬೋಲೆತ್’ ಅನ್ನುತ್ತಿದ್ದರು. ಅಂದವರನ್ನು ಅಲ್ಲೇ ಕೊಂದರು. ಸತ್ತವರು 42,000.

ಒಂದು ಅಕ್ಷರಕ್ಕೆ! ‘ಕನ್ನಡ ಸರಿಯಾಗಿ ಬರಲ್ವಾ?’ ಅಂತ ಯಾರನ್ನಾದರೂ ಅಣಕಿಸಬೇಕು ಅನ್ನಿಸಿದಾಗಲೆಲ್ಲ ನನಗೆ ಆ ಹೊಳೆಯ ದಡ ನೆನಪಾಗುತ್ತದೆ. ಹಾಗಂತ ಕನ್ನಡದ ಆರಾಧನೆ ಕೇಳಬೇಡಿ ಅಂತ ಅಲ್ಲ. ಕೇಳಿ, ಅರ್ಜಿ ಕೊಡಿ, ಸಭೆಯಲ್ಲಿ ಎದ್ದು ನಿಂತು ಹೇಳಿ. ಕಲಿಯಲು ಬಂದವರಿಗೆ ಹಾಡಿನ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿ. ಶಿವಾಜಿನಗರದ ಸಂತ ಮೇರಿ ಬಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋಗಿ ನೋಡಿ, ಒಂದೇ ಕ್ಯೂನಲ್ಲಿ ಅದೆಷ್ಟು ಭಾಷೆಯಲ್ಲಿ ಜನ ಬೇಡಿಕೊಳ್ಳುತ್ತಿರುತ್ತಾರೆ.

ವಾಟ್ಸಾಪಿನಲ್ಲಿ ನಮ್ಮ ಧರ್ಮವನ್ನು ಹೀಯಾಳಿಸಿದರೆ ಉತ್ತರ ಕೊಡಬೇಡವೇ?

ಪೇತ್ರನ ಮೊದಲ ಪತ್ರ 3:15 ಉತ್ತರ ಕೊಡಲು ಸಿದ್ಧವಾಗಿರಿ ಅನ್ನುತ್ತದೆ, ಕೂಡಲೇ ಸಾತ್ವಿಕತ್ವ ಮತ್ತು ಮರ್ಯಾದೆಯಿಂದ ಅಂತಲೂ ಸೇರಿಸುತ್ತದೆ. ಬರೆದವನು ಯಾರು ನೋಡಿ: ಕತ್ತಿ ಎಳೆದು ಒಬ್ಬನ ಕಿವಿ ಕತ್ತರಿಸಿದ ಪೇತ್ರ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಇನ್ನೂರು ಜನರ ಮುಂದೆ ಉತ್ತರಿಸಬೇಡಿ, ಬರೆದವರ ಮನೆ ಎರಡನೇ ಮಹಡಿಯಲ್ಲೇ ಇರುತ್ತದೆ, ಮೆಟ್ಟಿಲಿಳಿದು ಹೋಗಿ. ಕೈಯಲ್ಲಿ ಕ್ರಿಸ್‌ಮಸ್ ಕಜ್ಜಾಯ ಇದ್ದರೆ ಇನ್ನೂ ಒಳ್ಳೆಯದು. ಬೇರೆ ಧರ್ಮವನ್ನು ಗೇಲಿ ಮಾಡುವ ಫಾರ್ವರ್ಡ್ ನಿಮ್ಮ ಫೋನಿಂದ ಹೋಗಿದ್ದರೆ ಮಾತ್ರ, ಮೊದಲು ಅದಕ್ಕೆ ಕ್ಷಮೆ ಕೇಳಿ.

ಸಾವಿನ ಮನೆಯಲ್ಲಿ ಏನು ಹೇಳಬೇಕು?

ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ‘ದೇವರ ಚಿತ್ತ’, ‘ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ’ ಅನ್ನಬೇಡಿ. ಕೈ ಹಿಡಿದುಕೊಳ್ಳಿ. ಬಂದವರ ಚಪ್ಪಲಿ ಸರಿಸಿ ದಾರಿ ಮಾಡಿ. ಮರುದಿನ ತಿಂಡಿ ಕಳಿಸಿ. ಕಲ್ಪಳ್ಳಿ ಸ್ಮಶಾನದಿಂದ ವಾಪಸ್ ಬಂದು ಮೂರು ತಿಂಗಳಾದ ಮೇಲೆ ಒಂದು ಫೋನ್ ಮಾಡಿ, ಆಗ ಯಾರೂ ಮಾಡುವುದಿಲ್ಲ.

ಬೈದುಬಿಟ್ಟೆ. ಈಗೇನು ಮಾಡಲಿ?

‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ’ ಅನ್ನುತ್ತದೆ ಗಾದೆ. ಮತ್ತೆ ಮೂಗು! ಗಾದೆ ಸರಿ, ಆಡಿದ ಮಾತು ವಾಪಸ್ ಬರುವುದಿಲ್ಲ. ಆದರೂ ಹೋಗಬೇಕು. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು ಅಂತ ಯೇಸು ಹೇಳಿದ್ದಾನೆ. ಪೌಲನ ಬಾಯೂ ಜಾರಿತ್ತು: ಅಪೊಸ್ತಲರ ಕೃತ್ಯಗಳು 23ರಲ್ಲಿ ಮಹಾಯಾಜಕನನ್ನು ಸುಣ್ಣ ಬಳಿದ ಗೋಡೆ ಅಂದ, ಯಾರು ಅಂತ ತಿಳಿದ ಕೂಡಲೇ ಎಲ್ಲರೆದುರೇ ಮಾತು ತಿದ್ದಿಕೊಂಡ.

ಕ್ಷಮೆ ಕೇಳುವಾಗ ‘ಆದರೆ’ ಬೇಡ. ‘ಬೈದದ್ದು ತಪ್ಪಾಯ್ತು, ಆದರೆ ನೀನೂ...’ ಅಂದರೆ ಎರಡನೇ ಸುತ್ತು ಶುರು. ಏನು ಅಂದೆ ಅನ್ನುವುದನ್ನು ಹೆಸರಿಟ್ಟು ಹೇಳಿ: ‘ನಿನ್ನೆ ಎಲ್ಲರ ಮುಂದೆ ನಿನ್ನನ್ನು ದಡ್ಡಿ ಅಂದೆ. ಅದು ತಪ್ಪು.’ ಅವರು ಕ್ಷಮಿಸಲು ಹೊತ್ತು ತೆಗೆದುಕೊಂಡರೆ ಕೊಡಿ. ತಾಳ್ಮೆ ಅಲ್ಲೂ ಬೇಕು.

ನಮ್ಮ ಕಾಲದಲ್ಲಿ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದೆವು, ಇಳಿಯುವಾಗ ಇಸಿದುಕೊಳ್ಳಲಿ ಅಂತ. ಎಷ್ಟೋ ಜನ ಮರೆತು ಇಳಿದುಹೋಗುತ್ತಿದ್ದರು. ರಾತ್ರಿ ಡಿಪೋದಲ್ಲಿ ಲೆಕ್ಕ ಕಟ್ಟುವಾಗ ಆ ಚಿಲ್ಲರೆ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು. ಯಾರಿಗೆ ಕೊಡಬೇಕು ಅಂತ ಗೊತ್ತಿದ್ದರೂ ಕೊಡಲು ಆ ಮುಖ ಸಿಗುತ್ತಿರಲಿಲ್ಲ. ಸೊಪ್ಪಿನ ಮೂಟೆಯ ಅಜ್ಜಿಯನ್ನು ಆ ರೂಟಿನಲ್ಲಿ ಎರಡು ವರ್ಷ ಹುಡುಕಿದೆ.

ನಿಮಗೆ ಇದೆಲ್ಲ ಸಾಧ್ಯವಾಗಿದೆಯಾ?

ಇದನ್ನು ಕೇಳುವುದು ನನ್ನ ಸೊಸೆ, ಅದೂ ಎಲ್ಲರ ಮುಂದೆ. ಹೋದ ಭಾನುವಾರ ಆರಾಧನೆಗೆ ಹೊರಡುವ ಹೊತ್ತಿಗೆ ಬುಕ್ ಮಾಡಿದ ಆಟೋ ಮೂರನೇ ಸಲ ಕ್ಯಾನ್ಸಲ್ ಆಯಿತು. ನಾನು ಫೋನಿಗೇ ಬೈಯಲು ಶುರು ಮಾಡಿದೆ. ಏಳು ವರ್ಷದ ಮೊಮ್ಮಗಳು ಬಂದು ತನ್ನ ಎರಡು ಬೆರಳಿನಿಂದ ನನ್ನ ಮೂಗು ಹಿಡಿದು ಮುಂದಕ್ಕೆ ಎಳೆದಳು. ‘ಉದ್ದ, ತಾತ, ಉದ್ದ.’